ಕೈ ತಲುಪದ ನಟ್ಟು: ಯಂತ್ರ ವಿನ್ಯಾಸಕರಿಗೊಂದು ಬಹಿರಂಗ ಪತ್ರ

ಯಂತ್ರಗಳ ನಕ್ಷೆ ರಚಿಸುವ ಎಂಜಿನಿಯರರಿಗೂ, ಆ ವಿದ್ಯೆಯನ್ನು ಕರ್ನಾಟಕದ ಕಾಲೇಜುಗಳಲ್ಲಿ ಕಲಿಯುತ್ತಿರುವ ತರುಣ ತರುಣಿಯರಿಗೂ ಬರೆದ ಪತ್ರವಿದು.

ಯಂತ್ರವೊಂದನ್ನು ಕಾರ್ಖಾನೆಯಲ್ಲಿ ಜೋಡಿಸುವುದು ಒಮ್ಮೆ ಮಾತ್ರ. ಅದನ್ನು ಬಿಚ್ಚಿ, ಸವೆದ ಭಾಗವನ್ನು ತೆಗೆದು, ಹೊಸದನ್ನು ಕೂರಿಸಿ ಮತ್ತೆ ಮುಚ್ಚುವ ಕೆಲಸ ಅದರ ಆಯುಷ್ಯದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಆದರೂ ನಕ್ಷೆಯ ಮುಂದೆ ಕೂತವರ ಕಣ್ಣಿಗೆ ಕಾಣುವುದು ಬಹುಮಟ್ಟಿಗೆ ಮೊದಲನೆಯ ಕೆಲಸವೇ ಆಗಿರುತ್ತದೆ. ಎರಡನೆಯದನ್ನು ಮಾಡುವ ಮನುಷ್ಯ ಹತ್ತು ಹದಿನೈದು ವರ್ಷ ಆಚೆಗೆ, ಬೇರೊಂದು ಊರಿನಲ್ಲಿ ಇರುತ್ತಾನೆ, ಮತ್ತು ಅವನ ಮಾತು ವಿನ್ಯಾಸದ ಮೇಜಿನ ತನಕ ಬರುವುದು ಅಪರೂಪ. ಸವೆಯುವುದು ಖಚಿತವೆಂದು ಗೊತ್ತಿರುವ ಭಾಗವನ್ನು ಕೈಗೆ ಸಿಗುವಂತೆ ಇಡುವುದು ವಿನ್ಯಾಸಕರ ಹೊಣೆಯೇ ಹೊರತು ದುರಸ್ತಿ ಮಾಡುವವರ ಅದೃಷ್ಟಕ್ಕೆ ಬಿಟ್ಟ ವಿಷಯವಲ್ಲ ಎಂಬುದನ್ನು ತಮ್ಮ ಮುಂದೆ ವಾದಿಸುವುದು ಈ ಪತ್ರದ ಉದ್ದೇಶ. ಅದಕ್ಕಾಗಿ ಆರಿಸಿಕೊಂಡ ನಿದರ್ಶನ ಒಂದೇ: ಮೋಟಾರು ದೋಣಿಯ ಸ್ಟರ್ನ್‌ಡ್ರೈವ್ ಮತ್ತು ಅದರೊಳಗೆ ಅಡಗಿರುವ ಸ್ಟೀರಿಂಗ್ ಭಾಗಗಳು. ಈ ಯಂತ್ರ ಹೆಚ್ಚಾಗಿ ಓಡುವುದು ಅಮೆರಿಕದ ಸರೋವರಗಳಲ್ಲಿ ಮತ್ತು ಯುರೋಪಿನ ಕರಾವಳಿಗಳಲ್ಲಿ. ಆದರೆ ಹೊರದೇಶದ ಕಂಪನಿಗಳ ಯಂತ್ರಭಾಗಗಳ ನಕ್ಷೆಗಳು ಇಂದು ಬೆಂಗಳೂರಿನ ಕಚೇರಿಗಳಲ್ಲೂ ಸಿದ್ಧವಾಗುತ್ತಿರುವುದರಿಂದ, ಆ ನೀರನ್ನು ಎಂದೂ ನೋಡದವರ ಕೈಯಲ್ಲೇ ಅಲ್ಲಿಯ ಮೆಕ್ಯಾನಿಕನ ಕಷ್ಟ ಸುಖ ಇರುವ ಸಂದರ್ಭಗಳು ಹೆಚ್ಚುತ್ತಿವೆ.

ಸ್ಟರ್ನ್‌ಡ್ರೈವ್ ಎಂದರೆ ಎಂಜಿನ್ ದೋಣಿಯ ಒಳಗೂ, ಪ್ರೊಪೆಲ್ಲರನ್ನು ತಿರುಗಿಸುವ ಗೇರುಗಳ ಕಾಲು ದೋಣಿಯ ಹೊರಗೂ ಇರುವ ಏರ್ಪಾಡು. ದೋಣಿಯ ಹಿಂಬದಿಯನ್ನು ಮುಚ್ಚುವ ನೇರ ಗೋಡೆಗೆ ಟ್ರಾನ್ಸಮ್ ಎಂದು ಹೆಸರು. ಎಂಜಿನ್ ಆ ಗೋಡೆಗೆ ಒತ್ತಿಕೊಂಡಂತೆ ಒಳಗೆ ಕೂತಿದ್ದರೆ, ಗೋಡೆಯಲ್ಲಿ ಕೊರೆದ ಕಿಂಡಿಯ ಮೂಲಕ ಅದರ ಶಕ್ತಿ ಹೊರಗೆ ಹೋಗಿ, ಒಂದು ಗೇರಿನಲ್ಲಿ ಕೆಳಗೆ ತಿರುಗಿ, ನೀರಿನೊಳಗೆ ಮತ್ತೊಂದು ಗೇರಿನಲ್ಲಿ ಹಿಂದಕ್ಕೆ ತಿರುಗಿ ಪ್ರೊಪೆಲ್ಲರನ್ನು ಸೇರುತ್ತದೆ. ಅಮೆರಿಕದ ಎಂಜಿನಿಯರ್ ಜಿಮ್ ವಿನ್ ರೂಪಿಸಿದ ಈ ಕಲ್ಪನೆಯನ್ನು ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿ ಆಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿತು, ಮತ್ತು ಕಾರ್ಲ್ ಕೀಕ್‌ಹಾಫರ್ ಸ್ಥಾಪಿಸಿದ್ದ ಮರ್ಕ್ಯುರಿ ಕಂಪನಿಯ ಮರ್‌ಕ್ರೂಸರ್ 1961ರಲ್ಲಿ ಅದೇ ದಾರಿಯಲ್ಲಿ ಬಂತು. ಎಂಜಿನ್ ಒಳಗಿರುವುದರಿಂದ ಕಾರಿನ ಎಂಜಿನ್ನಿನಷ್ಟು ದೊಡ್ಡದನ್ನೇ ಬಳಸಬಹುದು, ಹೊರಗಿನ ಕಾಲನ್ನು ಮೇಲಕ್ಕೆತ್ತಿದರೆ ದೋಣಿ ಆಳವಿಲ್ಲದ ನೀರಿನಲ್ಲೂ ಸಾಗುತ್ತದೆ; ಈ ಎರಡು ಗುಣಗಳಿಂದ ಅದು ಕುಟುಂಬಗಳ ವಿಹಾರದೋಣಿಗಳಲ್ಲಿ ದಶಕಗಳ ಕಾಲ ನೆಲೆಯೂರಿತು.

ಈ ದೋಣಿಗೆ ಪ್ರತ್ಯೇಕವಾದ ಚುಕ್ಕಾಣಿ ಇರುವುದಿಲ್ಲ. ಹೊರಗಿನ ಕಾಲೇ ಎಡಕ್ಕೆ ಬಲಕ್ಕೆ ತಿರುಗಿ, ಪ್ರೊಪೆಲ್ಲರ್ ತಳ್ಳುವ ನೀರಿನ ದಿಕ್ಕನ್ನು ಬದಲಿಸುತ್ತದೆ, ಅದರಿಂದ ದೋಣಿ ಹೊರಳುತ್ತದೆ. ಕಾಲು ಎಡಬಲಕ್ಕೂ ತಿರುಗಬೇಕು, ಮೇಲಕ್ಕೂ ಎತ್ತಿಕೊಳ್ಳಬೇಕು, ಅಷ್ಟರ ನಡುವೆಯೂ ಎಂಜಿನ್ನಿನ ಶಕ್ತಿ ಅದರೊಳಗೆ ಹರಿಯುತ್ತಲೇ ಇರಬೇಕು. ಶಕ್ತಿಯ ಪ್ರಶ್ನೆಗೆ ಉತ್ತರ ಯೂನಿವರ್ಸಲ್ ಜಾಯಿಂಟ್, ಅಂದರೆ ಲಾರಿ ಮೆಕ್ಯಾನಿಕರು ‘ಕ್ರಾಸ್’ ಎಂದು ಕರೆಯುವ, ಬಾಗಿಕೊಂಡೇ ತಿರುಗಬಲ್ಲ ಕೀಲು. ನೀರು ನುಗ್ಗದಂತೆ ಅದನ್ನು ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಚೀಲವೊಂದು ಸುತ್ತುವರಿದಿರುತ್ತದೆ. ಎರಡು ದಿಕ್ಕಿನ ಚಲನೆಗೆ ಉತ್ತರ ಗಿಂಬಲ್ ಉಂಗುರ. ಹಡಗು ಎಷ್ಟು ಹೊಯ್ದಾಡಿದರೂ ದಿಕ್ಸೂಚಿ ಸಮತಟ್ಟಾಗಿ ನಿಲ್ಲುವಂತೆ ಅದನ್ನು ಒಂದರೊಳಗೊಂದು ತೂಗುಹಾಕುವ ಉಂಗುರಗಳ ತತ್ವವೇ ಇಲ್ಲಿಯೂ ಇದೆ: ಉಂಗುರ ತಾನು ಮೇಲೆ ಕೆಳಗೆ ಎರಡು ಕೀಲುಗಳ ಮೇಲೆ ನಿಂತು ಎಡಬಲಕ್ಕೆ ತಿರುಗುತ್ತದೆ, ಅದರ ಎರಡು ಮಗ್ಗುಲಿನ ಪಿನ್ನುಗಳಿಗೆ ಸಿಕ್ಕಿಸಿದ ಕಾಲು ಮೇಲಕ್ಕೆ ಕೆಳಕ್ಕೆ ಆಡುತ್ತದೆ. ಉಂಗುರವನ್ನು ಹೊತ್ತ ದೊಡ್ಡ ಅಲ್ಯೂಮಿನಿಯಂ ಎರಕಕ್ಕೆ ಗಿಂಬಲ್ ಹೌಸಿಂಗ್ ಎಂದು ಹೆಸರು, ಮತ್ತು ಅದು ಟ್ರಾನ್ಸಮ್ಮಿಗೆ ಹೊರಗಿನಿಂದ ಬಿಗಿದುಕೊಂಡಿರುತ್ತದೆ.

ದೋಣಿಯ ದಿಕ್ಕು ನಿಂತಿರುವುದು ಉಂಗುರದ ಮೇಲಿನ ಕೀಲಿನ ಮೇಲೆ. ಬಹುಸಂಖ್ಯೆಯಲ್ಲಿ ಬಳಕೆಯಲ್ಲಿರುವ ಜೋಡಣೆಯಲ್ಲಿ ಸ್ಟೇನ್‌ಲೆಸ್ ಉಕ್ಕಿನ ಗಿಡ್ಡ ಶಾಫ್ಟೊಂದು ಹೌಸಿಂಗಿನ ಮೇಲ್ಭಾಗದಲ್ಲಿ ಬುಶ್ಶುಗಳ ನಡುವೆ ತಿರುಗುತ್ತದೆ. ಅದರ ಕೆಳತುದಿ ಉಂಗುರದ ನೆತ್ತಿಯ ಗುಂಡಿಯೊಳಗೆ ಕೂತಿರುತ್ತದೆ, ಸೀಳುಬಿಟ್ಟ ಆ ನೆತ್ತಿಯನ್ನು ಬೋಲ್ಟುಗಳು ಅಮುಕಿ ಹಿಡಿದಿರುತ್ತವೆ. ಮೇಲ್ತುದಿಗೆ ಸ್ಟೀರಿಂಗ್ ಲಿವರ್ ಎಂಬ ತೋಳು ನಟ್ಟು ಬೋಲ್ಟಿನಿಂದ ಬಿಗಿದಿರುತ್ತದೆ. ತೋಳು ಟ್ರಾನ್ಸಮ್ಮಿನ ಕಿಂಡಿಯ ಮೂಲಕ ದೋಣಿಯ ಒಳಕ್ಕೆ ಚಾಚಿರುತ್ತದೆ, ಚಾಲಕನ ಚಕ್ರದಿಂದ ಬಂದ ಕೇಬಲ್ಲೂ ಅದಕ್ಕೆ ಬಲ ಕೂಡಿಸುವ ಹೈಡ್ರಾಲಿಕ್ ಆಕ್ಚುಯೇಟರೂ ಅದನ್ನು ಎಳೆದು ತಳ್ಳುತ್ತವೆ. ಚಾಲಕ ಚಕ್ರ ತಿರುಗಿಸಿದಾಗ ನಡೆಯುವುದೆಲ್ಲ ಕೊನೆಗೆ ಅಂಗೈಯಲ್ಲಿ ಹಿಡಿಯಬಹುದಾದ ಆ ಶಾಫ್ಟಿನ ಮೂಲಕವೇ ನಡೆಯಬೇಕು.

ಆ ಶಾಫ್ಟಿನ ಸ್ಥಾನವನ್ನು ತಾವು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕೆಂದು ವಿನಂತಿ. ಅದರ ಹಿಂದೆ ಕಾಲು, ಮುಂದೆ ಟ್ರಾನ್ಸಮ್, ಟ್ರಾನ್ಸಮ್ಮಿಗೆ ಒಳಗಿನಿಂದ ಬಿಗಿದ ದಪ್ಪ ಲೋಹಫಲಕ, ಅದಕ್ಕೆ ಅಂಟಿಕೊಂಡಂತೆ ಹೊಗೆಕೊಳವೆ, ಅದರ ಮುಂದೆ ನೂರಾರು ಕಿಲೋ ತೂಕದ ಎಂಜಿನ್. ಸವೆಯುವ ಭಾಗ ಇವೆಲ್ಲದರ ನಡುವಿನ ಪೊಟರೆಯಲ್ಲಿದೆ.

ಅದು ಸವೆಯುವುದು ಬಳಸಿದವರ ತಪ್ಪಿನಿಂದಲ್ಲ, ತನ್ನ ಕೆಲಸದ ಸ್ವಭಾವದಿಂದಲೇ. ಪ್ರೊಪೆಲ್ಲರಿನ ತಳ್ಳಾಟ, ಅಲೆಯ ಹೊಡೆತ, ಟ್ರೇಲರಿನ ಮೇಲೆ ರಸ್ತೆಯಲ್ಲಿ ಸಾಗುವಾಗಿನ ಕುಲುಕಾಟ ಎಲ್ಲವೂ ಗಟ್ಟಿ ಉಕ್ಕಿನ ಶಾಫ್ಟನ್ನು ಮೆತ್ತನೆಯ ಅಲ್ಯೂಮಿನಿಯಂ ಗುಂಡಿಯ ಅಂಚಿಗೆ ಗುದ್ದುತ್ತಿರುತ್ತವೆ, ಗುಂಡಿ ಕ್ರಮೇಣ ಅಗಲವಾಗುತ್ತದೆ. ಉಪ್ಪುನೀರಿನಲ್ಲಿ ಇನ್ನೊಂದು ಕ್ರಿಯೆಯೂ ಸೇರಿಕೊಳ್ಳುತ್ತದೆ: ಸ್ಟೇನ್‌ಲೆಸ್ ಉಕ್ಕೂ ಅಲ್ಯೂಮಿನಿಯಮ್ಮೂ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿ, ಅಲ್ಯೂಮಿನಿಯಂ ಕರಗಿ ಬಿಳಿಪುಡಿಯಾಗುತ್ತದೆ. ಚಾಲಕನ ಭಾಷೆಯಲ್ಲಿ ಇದರ ಫಲದ ಹೆಸರು ‘ಪ್ಲೇ’, ಅಂದರೆ ಚಕ್ರ ತಿರುಗಿದರೂ ಕಾಲು ತಿರುಗದ ಸಡಿಲು. ಶಾಫ್ಟಿನ ನಡುವಿನಿಂದ 15 ಮಿಲಿಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರ್ ಸಡಿಲಿದೆ ಎಂದಿಟ್ಟುಕೊಂಡರೆ, ಅದು ಸುಮಾರು ಎರಡು ಡಿಗ್ರಿಯ ಕೋನವಾಗುತ್ತದೆ, ಶಾಫ್ಟಿನಿಂದ 400 ಮಿಲಿಮೀಟರ್ ಹಿಂದಿರುವ ಬಿಂದುವಿನಲ್ಲಿ ಅದೇ ಸಡಿಲು 13 ಮಿಲಿಮೀಟರಿನ ಅಲುಗಾಟವಾಗುತ್ತದೆ. ಉಗುರಿನ ದಪ್ಪದಷ್ಟು ಸವೆತ ಕಿರುಬೆರಳಿನ ಅಗಲದ ಅಲುಗಾಟವಾಗಿ ಬೆಳೆಯುವುದು ಹೀಗೆ. ವೇಗದಲ್ಲಿ ಸಾಗುವ ದೋಣಿ ನೇರ ಹೋಗದೆ ಅತ್ತಿತ್ತ ತೊನೆಯುವುದು, ಮಕ್ಕಳು ಈಜುವ ದಡದ ಬಳಿ ಚಾಲಕ ಹೊರಳಿಸಿದ ಕ್ಷಣಕ್ಕೆ ದೋಣಿ ಹೊರಳದಿರುವುದು ಅದರ ಪರಿಣಾಮ. ಬುಶ್ಶಿನ ಜೊತೆಗಿನ ಸೀಲ್ ಸವೆದರೆ ಶಾಫ್ಟನ್ನು ಅನುಸರಿಸಿ ನೀರು ಒಳಕ್ಕೆ ಜಿನುಗಿ, ಉಕ್ಕಿನ ತೋಳಿಗೆ ತುಕ್ಕು ಹಿಡಿಸುತ್ತದೆ.

ದೋಷವನ್ನು ಪತ್ತೆ ಮಾಡುವುದು ಕಷ್ಟವಲ್ಲ. ದೋಣಿಯನ್ನು ಟ್ರೇಲರಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಒಬ್ಬರು ಚಕ್ರವನ್ನು ಬಿಗಿಯಾಗಿ ಹಿಡಿದಿರುವಾಗ ಇನ್ನೊಬ್ಬರು ಕಾಲನ್ನು ಎಡಬಲಕ್ಕೆ ಅಲುಗಿಸಿ ನೋಡಬೇಕು. ಮೂರನೆಯವರು ಟಾರ್ಚ್ ಹಿಡಿದು ಒಳಗಿನ ತೋಳನ್ನು ಗಮನಿಸಬೇಕು. ಕಾಲು ಅಲುಗಿ ತೋಳು ಅಲುಗದಿದ್ದರೆ ಸವೆತ ಉಂಗುರ ಮತ್ತು ಶಾಫ್ಟಿನ ನಡುವೆ ಅಥವಾ ಶಾಫ್ಟ್ ಮತ್ತು ತೋಳಿನ ನಡುವೆ ಇದೆ. ಎರಡೂ ಒಟ್ಟಿಗೆ ಅಲುಗಿ ಚಕ್ರ ನಿಂತಿದ್ದರೆ ದೋಷ ಕೇಬಲ್ಲಿನಲ್ಲೋ ಆಕ್ಚುಯೇಟರಿನ ಪಿನ್ನಿನಲ್ಲೋ ಇದೆ. ಹತ್ತು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯ ಬೆನ್ನಿಗೆ ಬರುವ ದುರಸ್ತಿಗೆ ಹಲವು ದಿನಗಳು ಹಿಡಿಯುತ್ತವೆ, ಮತ್ತು ಈ ಪತ್ರಕ್ಕೆ ಪ್ರೇರಣೆ ಆ ಅಂತರವೇ.

ಶಾಸ್ತ್ರೋಕ್ತವಾದ ದುರಸ್ತಿಯ ಕ್ರಮ ಹೀಗಿದೆ. ಮೊದಲು ಆರು ನಟ್ಟುಗಳನ್ನು ಬಿಚ್ಚಿ ಕಾಲನ್ನು ಕಳಚಬೇಕು. ಅನಂತರ ಒಳಗೆ ಎಂಜಿನ್ನಿನ ಇಂಧನ, ನೀರು, ಹೊಗೆ, ವಿದ್ಯುತ್ತು, ಗೇರಿನ ಕೇಬಲ್ಲು ಎಲ್ಲ ಸಂಬಂಧಗಳನ್ನೂ ಕಡಿದು, ಕ್ರೇನಿನಿಂದ ಅದನ್ನು ಎತ್ತಿ ಹೊರಗಿಡಬೇಕು. ಅನಂತರ ಒಳಫಲಕವನ್ನು ಬಿಚ್ಚಿ, ಗಿಂಬಲ್ ಹೌಸಿಂಗನ್ನು ಟ್ರಾನ್ಸಮ್ಮಿನಿಂದ ಬಿಡಿಸಿ ಮೇಜಿನ ಮೇಲಿಡಬೇಕು. ಶಾಫ್ಟು, ಬುಶ್ಶು, ಸೀಲು, ಉಂಗುರ ಇವುಗಳ ಬದಲಾವಣೆ ಆರಂಭವಾಗುವುದು ಆಮೇಲೆ. ಮೇಜಿನ ಮೇಲೆ ಅದೊಂದು ಸುಲಭವಾದ ಕೆಲಸ. ಮರಳಿ ಜೋಡಿಸುವಾಗ ಎಂಜಿನ್ನನ್ನು ಮೊದಲಿದ್ದ ಜಾಗದಲ್ಲಿಟ್ಟರೆ ಸಾಲದು: ಹೌಸಿಂಗಿನ ಬೇರಿಂಗಿನ ಮೂಲಕ ಉದ್ದನೆಯ ಉಕ್ಕಿನ ಸಲಾಕೆಯೊಂದನ್ನು ತೂರಿಸಿ, ಅದು ಎಂಜಿನ್ನಿನ ಕಪ್ಲರಿನ ಹಲ್ಲುಗಳೊಳಗೆ ಬೆರಳಿನಿಂದ ತಳ್ಳಿದರೆ ಜಾರಿಹೋಗುವಷ್ಟು ನೇರವಾಗುವವರೆಗೆ ಎಂಜಿನ್ನಿನ ಆಧಾರಗಳನ್ನು ಮೇಲೆ ಕೆಳಗೆ ಮಾಡುತ್ತಿರಬೇಕು. ಅಂಗೈಯಗಲದ ಕೆಲಸಕ್ಕೆ ದೋಣಿಯ ಹಿಂಭಾಗವನ್ನೆಲ್ಲ ಬಿಚ್ಚಿದಂತಾಯಿತು. ದುರಸ್ತಿಯ ಬಿಲ್ಲಿನಲ್ಲಿ ಭಾಗಗಳ ಬೆಲೆಯನ್ನು ಮೀರಿಸಿ ಕೂಲಿ ನಿಲ್ಲುವುದು ಸಹಜ, ಹಳೆಯ ದೋಣಿಯ ಒಡೆಯರು ಆ ಮೊತ್ತವನ್ನು ಕೇಳಿ ‘ಇನ್ನೊಂದು ವರ್ಷ ನೋಡೋಣ’ ಎನ್ನುವುದೂ ಅಷ್ಟೇ ಸಹಜ. ಅಪಾಯ ನೆಲೆಯೂರುವುದು ಆ ಇನ್ನೊಂದು ವರ್ಷದಲ್ಲಿ.

ಹೀಗಾಗಿ ಕಸುಬುದಾರರು ಮತ್ತೊಂದು ದಾರಿ ಕಂಡುಕೊಂಡಿದ್ದಾರೆ. ಎಂಜಿನ್ನನ್ನು ಅಲುಗಿಸದೆ, ಕಾಲನ್ನು ಮಾತ್ರ ಕಳಚಿ, ಗಿಂಬಲ್ ಹೌಸಿಂಗಿನ ಹೊರಗೋಡೆಯಲ್ಲಿ ತೋಳಿನ ನಟ್ಟು ಬೋಲ್ಟುಗಳಿಗೆ ಎದುರಾಗಿ ರಂಧ್ರ ಕೊರೆಯುತ್ತಾರೆ. ಅದರ ಮೂಲಕ ಬಾಕ್ಸ್ ಪಾನಾ ತೂರಿಸಿ ನಟ್ಟನ್ನು ಸಡಿಲಿಸಿ, ಶಾಫ್ಟನ್ನು ಹೊರಗೆಳೆದು, ಹೊಸದನ್ನು ಕೂರಿಸಿ, ರಂಧ್ರದೊಳಗೆ ಮರೆ, ಅಂದರೆ ತಿರುಪಿನ ಸುರುಳಿಗೆರೆ, ಕೊರೆದು, ಸೀಲೆಂಟ್ ಹಚ್ಚಿದ ತಿರುಪಿನ ಬಿರಡೆಯಿಂದ ಮುಚ್ಚುತ್ತಾರೆ. ಈ ಉಪಾಯದ ಜಾಣತನಕ್ಕೆ ತಲೆಬಾಗಲೇಬೇಕು. ಅದೇ ಉಸಿರಿನಲ್ಲಿ ಅದರ ಅಪಾಯವನ್ನೂ ಹೇಳಬೇಕು. ಕೊರೆಯುತ್ತಿರುವುದು ನೀರನ್ನು ಹೊರಗಿಡುವ ಗೋಡೆಯನ್ನು. ರಂಧ್ರ ಒಂದು ಬೆರಳು ಅತ್ತಿತ್ತ ಆದರೆ ನಟ್ಟು ಎದುರಿಗೆ ಸಿಗುವುದಿಲ್ಲ, ಎರಕದ ಗೋಡೆ ತೆಳುವಾದ ಕಡೆ ಮರೆ ಹಿಡಿಯುವುದಿಲ್ಲ, ಲೋಹದ ಚೂರುಗಳು ಬುಶ್ಶಿನೊಳಗೆ ಬಿದ್ದರೆ ಹೊಸ ಭಾಗ ಹಳೆಯದಕ್ಕಿಂತ ಬೇಗ ಸವೆಯುತ್ತದೆ. ಬಿರಡೆ ಬೇರೆ ಲೋಹದ್ದಾದರೆ ಮೇಲೆ ಹೇಳಿದ ಬ್ಯಾಟರಿಯ ಕ್ರಿಯೆ ಅಲ್ಲಿಯೂ ಶುರುವಾಗುತ್ತದೆ. ಇನ್ನೂ ಕೆಲವು ಕಡೆ ಸಡಿಲಾದ ಶಾಫ್ಟನ್ನು ಉಂಗುರಕ್ಕೆ ಬೆಸುಗೆ ಹಾಕಿ ಮುಗಿಸುವ ಆಸೆಯೂ ಹುಟ್ಟುತ್ತದೆ. ಅದು ಇಂದಿನ ಸಡಿಲನ್ನು ತೆಗೆಯಬಹುದು, ಆದರೆ ಮುಂದಿನ ದುರಸ್ತಿಯ ಬಾಗಿಲನ್ನೂ ಮುಚ್ಚುತ್ತದೆ, ಆದ್ದರಿಂದ ಅದನ್ನು ದುರಸ್ತಿ ಎಂದು ಕರೆಯಲಾಗದು. ಕಾರ್ಖಾನೆಯಲ್ಲಿ ಎರಕ ಹೊಯ್ಯುವಾಗಲೇ, ಗೋಡೆಯ ದಪ್ಪ ತಿಳಿದವರು, ನಟ್ಟಿನ ನೇರ ತಿಳಿದವರು, ಒಂದು ಬಾಗಿಲನ್ನು ಇಟ್ಟು ರಬ್ಬರ್ ಬಳೆಯ ಮುಚ್ಚಳ ಕೊಟ್ಟಿದ್ದರೆ, ಜೆಟ್ಟಿಯ ಪಕ್ಕದ ಶೆಡ್ಡಿನಲ್ಲಿ ಒಬ್ಬಾತ ಡ್ರಿಲ್ ಹಿಡಿದು ಅಂದಾಜಿನಿಂದ ಕೊರೆಯುವ ಪ್ರಸಂಗ ಏಕೆ ಬರುತ್ತಿತ್ತು? ಬಳಕೆದಾರರು ಬಹುಸಂಖ್ಯೆಯಲ್ಲಿ ಒಂದೇ ಜಾಗದಲ್ಲಿ ರಂಧ್ರ ಕೊರೆಯುತ್ತಿದ್ದಾರೆ ಎಂದರೆ, ಆ ಜಾಗದಲ್ಲಿ ಬಾಗಿಲು ಇರಬೇಕಾಗಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಒಳಗಿನ ಕಡೆಯ ಕೆಲಸ ಇದಕ್ಕಿಂತ ಚಿಕ್ಕದು, ಆದರೆ ದೇಹಕ್ಕೆ ಇನ್ನೂ ಕಠಿಣ. ಆಕ್ಚುಯೇಟರನ್ನು ತೋಳಿಗೆ ಸೇರಿಸುವ ಪಿನ್ನನ್ನು ಬದಲಿಸುವ ಸಂದರ್ಭವನ್ನೇ ಹತ್ತಿರದಿಂದ ನೋಡಬಹುದು. ಮೆಕ್ಯಾನಿಕ್ ಬ್ಯಾಟರಿಯ ಋಣತಂತಿಯನ್ನು ಕಳಚಿ, ಗಾಳಿಗಿಂತ ಭಾರವಾಗಿ ದೋಣಿಯ ತಳದಲ್ಲಿ ನಿಲ್ಲುವ ಪೆಟ್ರೋಲ್ ಆವಿ ಪೂರ್ತಿ ಹೊರಹೋಗಿದೆಯೆಂದು ಖಚಿತಪಡಿಸಿಕೊಂಡು, ಎಂಜಿನ್ನಿನ ಮೇಲೆ ಗೋಣಿಚೀಲ ಹಾಸಿ ಬೋರಲು ಮಲಗುತ್ತಾನೆ. ತಲೆ ಟ್ರಾನ್ಸಮ್ಮಿನ ಕಡೆಗೆ ಕೆಳಗಾಗಿ, ರಕ್ತ ಹಣೆಗೆ ಇಳಿಯುತ್ತಿರುತ್ತದೆ. ಹೊಗೆಕೊಳವೆಯ ಪಕ್ಕದ ಸಂದಿಯಲ್ಲಿ ಬಲಗೈ ತೂರಿಸಿದೊಡನೆ ಅದೇ ಕೈ ಕಣ್ಣಿನ ದಾರಿಯನ್ನು ಮುಚ್ಚುತ್ತದೆ. ಎಡಗೈಯ ಪುಟ್ಟ ಕನ್ನಡಿಯಲ್ಲಿ ಕಾಣುವುದು ಎಡ ಬಲ ಅದಲುಬದಲಾದ ಚಿತ್ರ, ಆದ್ದರಿಂದ ಬಿಚ್ಚುವ ದಿಕ್ಕು ಬಿಗಿಯುವ ದಿಕ್ಕಿನಂತೆ ತೋರುತ್ತದೆ. ಪಿನ್ನು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಎರಡು ಎಸಳುಗಳನ್ನು ನೇರಗೊಳಿಸಿ ಎಳೆಯಬೇಕು. ತುಕ್ಕು ಹಿಡಿದ ಎಸಳು ಮುರಿದು ಅರ್ಧ ಒಳಗೇ ಉಳಿಯಬಹುದು. ಹೊಸದನ್ನು ಹಾಕುವಾಗ ವಾಷರನ್ನು ಗ್ರೀಸಿನಿಂದ ಬೆರಳ ತುದಿಗೆ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು, ಪಿನ್ನಿನ ಮೂತಿಯನ್ನು ಉಗುರಿನಿಂದ ಹುಡುಕಿ ಕೂರಿಸುತ್ತಾನೆ. ಒಮ್ಮೆ ಬೆರಳು ಜಾರಿದರೆ ವಾಷರು ದೋಣಿಯ ತಳದ ಎಣ್ಣೆನೀರಿಗೆ ಬಿದ್ದ ಸದ್ದು ಕೇಳಿಸುತ್ತದೆ, ಅದನ್ನು ಅಯಸ್ಕಾಂತದ ಕಡ್ಡಿಯಿಂದ ಹುಡುಕುವುದರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಕೊನೆಗೆ ಎಸಳುಗಳನ್ನು ಸರಿಯಾಗಿ ಮಡಚಿದ್ದಾನೆಯೇ ಎಂಬುದು ಅವನ ಬೆರಳಿಗೆ ಮಾತ್ರ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ದೋಣಿಯ ದಿಕ್ಕನ್ನು ಹಿಡಿದಿರುವ ಕೊಂಡಿಯೊಂದರ ಭದ್ರತೆಯನ್ನು ಯಾರೂ ಕಣ್ಣಾರೆ ಕಂಡಿರುವುದಿಲ್ಲ ಎಂಬ ಸ್ಥಿತಿ ಯಾವ ವಿನ್ಯಾಸಕರಿಗೂ ಸಮಾಧಾನ ತರಬಾರದು.

ಬಿಗಿತದ ಲೆಕ್ಕವೂ ಇಂತಹ ಜಾಗದಲ್ಲಿ ತಪ್ಪುತ್ತದೆ. ನೇರವಾದ ಪಾನಾ ಹೋಗದ ಕಡೆ ಕಾಗೆಕಾಲಿನ ಆಕಾರದ ಚಾಚುಪಾನಾವನ್ನು ಟಾರ್ಕ್ ರೆಂಚಿನ ತುದಿಗೆ ಸಿಕ್ಕಿಸುತ್ತಾರೆ. ರೆಂಚಿನ ಉದ್ದ 400 ಮಿಲಿಮೀಟರ್, ಅದರ ನೇರಕ್ಕೆ ಚಾಚಿಕೊಂಡ ಭಾಗ 50 ಮಿಲಿಮೀಟರ್ ಇದ್ದರೆ, ರೆಂಚು 40 ಎಂದು ತೋರಿಸುವಾಗ ನಟ್ಟಿನ ಮೇಲೆ ಬೀಳುವ ತಿರುಚುಬಲ 45 ಆಗಿರುತ್ತದೆ. ಚಾಚುಪಾನಾವನ್ನು ರೆಂಚಿಗೆ ಲಂಬವಾಗಿ ಸಿಕ್ಕಿಸಿದರೆ ಈ ವ್ಯತ್ಯಾಸ ಬಹುಮಟ್ಟಿಗೆ ಇಲ್ಲವಾಗುತ್ತದೆ, ಆದರೆ ಸಂದಿಯಲ್ಲಿ ಲಂಬವಾಗಿ ನಿಲ್ಲಿಸಲು ಎಡೆ ಇರುವುದಿಲ್ಲ. ಕೈಪಿಡಿಯಲ್ಲಿ ನಿಗದಿಯಾದ ಅಂಕಿಯನ್ನು ಬರೆದವರಿಗೆ, ಆ ಅಂಕಿಯನ್ನು ಮುಟ್ಟಲು ಪಾನಾಕ್ಕೆ ಜಾಗ ಇದೆಯೇ ಎಂದು ನೋಡುವುದೂ ಕರ್ತವ್ಯವೇ. ಕೈಪಿಡಿ ಸರಿಯಾಗಿ ಹೇಳಿದ ಸಂಗತಿಗಳೂ ಇವೆ ಎಂಬುದನ್ನು ಒಪ್ಪಬೇಕು: ಸ್ಟೀರಿಂಗ್ ಕೇಬಲ್ಲಿಗೆ ಗ್ರೀಸ್ ತುಂಬುವಾಗ ಕೇಬಲ್ ಪೂರ್ತಿ ಒಳಕ್ಕೆ ಸರಿದಿರಬೇಕು, ಚಾಚಿಕೊಂಡಿರುವಾಗ ತುಂಬಿದರೆ ಗ್ರೀಸು ಕೊಳವೆಯೊಳಗೆ ಸಿಕ್ಕಿಬಿದ್ದು ಸ್ಟೀರಿಂಗ್ ಬಿಗಿದುಹೋಗಬಹುದು ಎಂಬ ಎಚ್ಚರಿಕೆ ಅಂಥದ್ದು. ಆ ಗ್ರೀಸ್ ನಿಪ್ಪಲ್ ಎಂಜಿನ್ನಿನ ಹಿಂದೆ ಕಾಣದಂತೆ ಇದ್ದಾಗ ಎಚ್ಚರಿಕೆ ಓದಿದವರೂ ಗ್ರೀಸ್ ಹಾಕುವುದನ್ನೇ ಬಿಡುತ್ತಾರೆ, ಕೇಬಲ್ ಒಳಗೊಳಗೇ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ವಿನ್ಯಾಸಕರ ಪಕ್ಷವನ್ನೂ ನ್ಯಾಯವಾಗಿ ಮುಂದಿಡಬೇಕು. ಟ್ರಾನ್ಸಮ್ಮಿನ ಕಿಂಡಿ ದೊಡ್ಡದಾದಷ್ಟೂ ನೀರು ಒಳನುಗ್ಗುವ ಭಯ ಹೆಚ್ಚು, ಆದ್ದರಿಂದ ಅದನ್ನು ಚಿಕ್ಕದಾಗಿಸಲು ಅವರು ಯತ್ನಿಸಿದರು. ತೋಳನ್ನು ಹೊರಗಿಟ್ಟರೆ ಉಪ್ಪುನೀರು ತಿನ್ನುತ್ತದೆ, ಆದ್ದರಿಂದ ಒಳಕ್ಕೆ ತಂದರು. ಎಂಜಿನ್ ಹಿಂದಕ್ಕೆ ಸರಿದಷ್ಟೂ ಜನ ಕೂರುವ ಜಾಗ ಹೆಚ್ಚುತ್ತದೆ, ಕೊಳ್ಳುವವರು ಕೇಳುವುದು ಅದನ್ನೇ. ಒಂದೊಂದು ತೀರ್ಮಾನವೂ ತನ್ನಷ್ಟಕ್ಕೆ ಸರಿಯಾಗಿದ್ದು, ಎಲ್ಲವೂ ಕೂಡಿದಾಗ ಕೈಗೆ ದಾರಿಯಿಲ್ಲದಂತಾಯಿತು. ಇದರ ಬೇರು ಜೋಡಣೆಯ ಕ್ರಮದಲ್ಲಿದೆ ಎಂದು ತೋರುತ್ತದೆ. ಕಾರ್ಖಾನೆಯಲ್ಲಿ ಶಾಫ್ಟು, ತೋಳು, ಉಂಗುರ ಇವು ಸೇರುವುದು ಹೌಸಿಂಗ್ ಇನ್ನೂ ಮೇಜಿನ ಮೇಲಿರುವಾಗ, ನಾಲ್ಕೂ ದಿಕ್ಕಿನಿಂದ ಬೆಳಕು ಬೀಳುವಾಗ. ಅನಂತರ ಅದು ಟ್ರಾನ್ಸಮ್ಮಿಗೆ ಹೋಗುತ್ತದೆ, ಆಮೇಲೆ ಎಂಜಿನ್ ಬಂದು ಮುಂದೆ ಕೂರುತ್ತದೆ. ಜೋಡಿಸಿದವರಿಗೆ ಯಾವ ನಟ್ಟೂ ಕೈಗೆ ಸಿಗದೆ ಹೋದದ್ದಿಲ್ಲ, ಆದ್ದರಿಂದ ದೂರು ಹುಟ್ಟಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೂ ಇದೇ ಮರೆವು ಮರುಕಳಿಸುತ್ತದೆ, ಏಕೆಂದರೆ ಅಲ್ಲಿ ಎಂಜಿನ್ನನ್ನು ಮರೆಮಾಡಲು ಒಂದು ಗುಂಡಿ ಒತ್ತಿದರೆ ಸಾಕು.

ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಮೀನುಗಾರಿಕೆಯ ಟ್ರಾಲ್ ದೋಣಿಗಳನ್ನು ನೋಡಿದವರಿಗೆ ಬೇರೊಂದು ಸಂಪ್ರದಾಯ ಕಾಣುತ್ತದೆ. ಅಲ್ಲಿ ಎಂಜಿನ್ ಒಳಗೆ, ನೇರ ಶಾಫ್ಟು ಹಿಂದಕ್ಕೆ, ಅದರ ಹಿಂದೆ ಪ್ರತ್ಯೇಕ ಚುಕ್ಕಾಣಿ. ಶಾಫ್ಟಿನ ಸುತ್ತ ನೀರು ತಡೆಯುವ ಗ್ಲಾಂಡನ್ನು ಕೈಪಾನಾದಿಂದ ಬಿಗಿಯಬಹುದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ದುರಸ್ತಿಯ ಕೆಲಸಗಳು ಆಗ ನಡೆಯುತ್ತವೆ. ಆ ವ್ಯವಸ್ಥೆ ಸ್ಟರ್ನ್‌ಡ್ರೈವಿನಷ್ಟು ಚುರುಕಲ್ಲ, ಆಳವಿಲ್ಲದ ನೀರಿನಲ್ಲಿ ಕಾಲೆತ್ತಲಾರದು. ಆದರೆ ಹೊಟ್ಟೆಪಾಡಿನ ದೋಣಿಯ ಸವೆಯುವ ಭಾಗ ಕೈಗೆ ಸಿಗುವ ಕಡೆ ಇರಬೇಕೆಂಬ ತಿಳಿವು ಅದರ ರೂಪದಲ್ಲೇ ಅಡಕವಾಗಿದೆ.

ಹೊಸಕಾಲದ ದೊಡ್ಡ ಯಂತ್ರಗಳಲ್ಲೂ ಈ ತಿಳಿವಿಗೆ ಜಾಗ ಮಾಡಿಕೊಟ್ಟ ಉದಾಹರಣೆಗಳಿವೆ. 1994ರಲ್ಲಿ ಮೊದಲ ಬಾರಿ ಹಾರಿದ ಬೋಯಿಂಗ್ 777 ವಿಮಾನವನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವಾಗ, ಆ ಕಂಪನಿ ಜಾಕ್ ಹೆಸ್‌ಬರ್ಗ್ ಅವರನ್ನು ಮುಖ್ಯ ಮೆಕ್ಯಾನಿಕ್ ಎಂದು ನೇಮಿಸಿ ವಿನ್ಯಾಸಕರ ನಡುವೆ ಕೂರಿಸಿತು, ಮತ್ತು ಪರದೆಯ ಮೇಲೆ ಮನುಷ್ಯಾಕೃತಿಯೊಂದನ್ನು ತಂದು ಅದರ ಕೈ ಎಲ್ಲೆಲ್ಲಿಗೆ ಮುಟ್ಟುತ್ತದೆ ಎಂದು ಪರೀಕ್ಷಿಸಿತು. ಅಮೆರಿಕದ ಸೇನೆಯ ಮಿಲ್‌ ಸ್ಟ್ಯಾಂಡರ್ಡ್ 1472 ಎಂಬ ಮಾನಕ, ಬರಿಗೈಗೆ ಎಷ್ಟು, ಕೈಗವಸು ತೊಟ್ಟ ಕೈಗೆ ಎಷ್ಟು ಕಿಂಡಿ ಬೇಕೆಂಬುದನ್ನು ಅಳತೆಗಳಲ್ಲೇ ಹೇಳುತ್ತದೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಜಾರಿಯಲ್ಲಿದ್ದ ದುರಸ್ತಿ ಸೂಚ್ಯಂಕ ಫೋನು, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳಿಗೆ ಅಂಕ ಕೊಡುವಾಗ ಬಿಚ್ಚುವ ಸುಲಭತೆಯನ್ನೂ ಒಂದು ಅಳತೆಗೋಲಾಗಿ ಇಟ್ಟುಕೊಂಡಿತು. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆದಿದೆ. ದುರಸ್ತಿ ಮಾಡುವ ಹಕ್ಕು ಕಾಗದದ ಮೇಲೆ ಸಿಕ್ಕರೂ, ನಟ್ಟಿಗೆ ಕೈ ಮುಟ್ಟದಿದ್ದರೆ ಆ ಹಕ್ಕನ್ನು ಚಲಾಯಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವೇ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು. ಹೊಸ ನಕ್ಷೆಯೊಂದು ರೂಪುಗೊಳ್ಳುವಾಗ ಸವೆಯುವ ಭಾಗಗಳ ಪಟ್ಟಿಯನ್ನು ಮೊದಲು ಮಾಡಿ, ಪ್ರತಿಯೊಂದಕ್ಕೂ ಕೈಯ ದಾರಿ, ಕಣ್ಣಿನ ದಾರಿ, ಪಾನಾ ಬೀಸುವ ಕೋನ ಇವನ್ನು ನಕ್ಷೆಯ ಮೇಲೆಯೇ ಗುರುತಿಸಬೇಕು; ಆಗ ಎಂಜಿನ್ನನ್ನು ಪರದೆಯಿಂದ ಮರೆಮಾಡದೆ ಇಟ್ಟುಕೊಂಡೇ ನೋಡಬೇಕು. ತೆರೆಬಾಯಿಯ ಪಾನಾದ ತಲೆ ಸಾಮಾನ್ಯವಾಗಿ 15 ಡಿಗ್ರಿ ಓರೆಯಾಗಿರುವುದರಿಂದ, ಅದನ್ನು ಮಗುಚಿ ಮಗುಚಿ ಹಾಕಿದರೆ ಆರುಮೂಲೆಯ ನಟ್ಟನ್ನು 30 ಡಿಗ್ರಿಯಷ್ಟೇ ಎಡೆಯಲ್ಲೂ ತಿರುಗಿಸಬಹುದು. ಅಷ್ಟನ್ನಾದರೂ ಉಳಿಸಿಕೊಡುವುದು ಯಾವ ವಿನ್ಯಾಸಕ್ಕೂ ಭಾರವಾಗದು. ದೊಡ್ಡ ಎರಕದ ಗುಂಡಿಯೇ ಸವೆಯುವಂತೆ ಬಿಡದೆ, ಸವೆತವನ್ನೆಲ್ಲ ಅಗ್ಗದ, ಬದಲಿಸಬಹುದಾದ ಬುಶ್ಶೊಂದರ ಮೇಲೆ ಹೇರಬೇಕು. ದಾರಿ ಬಿಡಲು ಎಷ್ಟು ಮಾಡಿದರೂ ಆಗದ ಕಡೆ ಕಾರ್ಖಾನೆಯಿಂದಲೇ ಮುಚ್ಚಳವಿರುವ ಬಾಗಿಲು ಇಡಬೇಕು. ಕೈಪಿಡಿಯನ್ನು ಬರೆಯುವ ಮುನ್ನ ಅದರ ಪ್ರತಿಯೊಂದು ಹೆಜ್ಜೆಯನ್ನೂ ದೋಣಿಯೊಳಗೆ ಕೂರಿಸಿದ ಯಂತ್ರದ ಮೇಲೆ ಮಾಡಿ ನೋಡಬೇಕು, ಮೇಜಿನ ಮೇಲಿಟ್ಟ ಯಂತ್ರದ ಮೇಲಲ್ಲ. ವಿನ್ಯಾಸದ ಪರಿಶೀಲನಾ ಸಭೆಗೆ ದುರಸ್ತಿಯ ಕಸುಬಿನಲ್ಲಿ ಕೈ ಪಳಗಿದ ಒಬ್ಬರನ್ನಾದರೂ ಕರೆದು ಕೂರಿಸಿ, ‘ಇದಾಗದು’ ಎನ್ನುವ ಅಧಿಕಾರವನ್ನು ಅವರಿಗೆ ಕೊಡಬೇಕು.

ವಿದ್ಯಾರ್ಥಿಗಳಲ್ಲಿ ಇನ್ನೊಂದು ಪ್ರತ್ಯೇಕ ವಿನಂತಿ. ಮುಂದಿನ ಜೂನ್ ತಿಂಗಳಿನಲ್ಲಿ ದೋಣಿಗಳು ದಡ ಸೇರಿರುವಾಗ, ಮಲ್ಪೆಗೋ ಮಂಗಳೂರಿಗೋ ಕಾರವಾರಕ್ಕೋ ಹೋಗಿ, ಅಲ್ಲಿಯ ಮೇಸ್ತ್ರಿಗಳ ಅನುಮತಿ ಪಡೆದು, ಒಂದು ವಾರ ಅವರ ಜೊತೆ ಎಂಜಿನ್ ಕೋಣೆಗೆ ಇಳಿಯಬೇಕು. ಪಾನಾ ಎತ್ತಿಕೊಡುವ ಕೆಲಸವಾದರೂ ಸರಿ, ಮಾಡಬೇಕು. ಯಾವ ನಟ್ಟು ಅವರಿಗೆ ಸಿಟ್ಟು ಬರಿಸುತ್ತದೆ, ಯಾವುದನ್ನು ಅವರು ಮುಟ್ಟಲಾಗದೆ ಹಾಗೆಯೇ ಬಿಡುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು, ಮತ್ತು ಆ ಟಿಪ್ಪಣಿಯನ್ನು ತಮ್ಮ ಮೊದಲ ನೌಕರಿಯ ಮೇಜಿಗೆ ಜೊತೆಯಲ್ಲೇ ಒಯ್ಯಬೇಕು.

ಇಂತಿ,
ತಮ್ಮ ವಿಶ್ವಾಸಿ,
ಈ ಪತ್ರದ ಲೇಖಕ